ದೊಡ್ಡ ಟ್ರ್ಯಾಕ್ಟರಿನ ಪೇಚಾಟ

ಹಳೇ ಟ್ರ್ಯಾಕ್ಟರ್ ಕೊಟ್ಟು ದೊಡ್ಡದು ತೆಗೆದುಕೊಳ್ಳೋಣ ಅಂತ ಹೋದರೆ ಶೋರೂಮಿನವರ ಮುಖವೇ ಬದಲಾಗುತ್ತದೆ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನೋಡಿ ಮೂಗು ಮುರಿಯುತ್ತಾರೆ, ಟೈರ್ ಒದ್ದು ತಲೆ ಆಡಿಸುತ್ತಾರೆ. ಹೊಸದಾಗಿ ಹಾಕಿಸಿದ ಕ್ಲಚ್‌ಗೆ ಮಾತ್ರ ಲೆಕ್ಕವೇ ಇಲ್ಲ. ಅದೇ ಗಾಡಿ ನಾಳೆ ಬಣ್ಣ ಬಳಿಸಿಕೊಂಡು ನಿಂತಾಗ 'ಒಳ್ಳೆ ಕಂಡೀಷನ್' ಆಗಿರುತ್ತದೆ, ಅಲ್ವಾ?

ಹಾಳಾಗಲಿ ಬಿಡಿ. ನಿಜವಾದ ಪೇಚಾಟ ಮನೆಗೆ ತಂದ ಮೇಲೆ. ಚಿಕ್ಕದರ ಹಿಚ್, ಅಂದರೆ ಹಿಂದೆ ನೇಗಿಲು ಸಿಕ್ಕಿಸುವ ಕೊಂಡಿ, ಕೆಟಗರಿ 1 ಅಳತೆಯದು; ಕೆಳಗಿನ ಪಿನ್ ಸುಮಾರು 22 ಮಿ.ಮೀ. ದೊಡ್ಡದು ಕೆಟಗರಿ 2, ಅಲ್ಲಿ ಸುಮಾರು 28. ಹಳೇ ನೇಗಿಲು ಸಿಕ್ಕಿಸೋಕೆ ಸಂದು ತುಂಬುವ ಬುಷ್ ಹುಡುಕಬೇಕು. ಮಣ್ಣು ಪುಡಿ ಮಾಡುವ ಹಳೇ ರೋಟವೇಟರ್‌ನ ಅಗಲವಂತೂ ಸಾಲದು, ಅಂಚಿನಲ್ಲಿ ಟೈರಿನ ಜಾಡು ಹಾಗೇ ಉಳಿಯುತ್ತದೆ. ಇದನ್ನೆಲ್ಲ ಮಾರುವಾಗ ಯಾರೂ ಬಾಯಿ ಬಿಡುವುದಿಲ್ಲ. ಕೇಳಿದರೆ, 'ಹೊಸ ರೋಟವೇಟರ್‌ಗೂ ಸಾಲ ಮಾಡಿಸಿಕೊಡ್ತೀವಿ ಸಾರ್' ಅನ್ನುತ್ತಾರೆ!