ಸತ್ತ ಮೀನಿಗೂ ಒಂದು ರಿಪೋರ್ಟ್

ಹಬ್ಬ ಹತ್ತಿರ ಬಂತು ಅಂತ ತಿಳಿಯಲು ಈಗ ಪಂಚಾಂಗ ಬೇಕಾಗಿಲ್ಲ. ಮೊಬೈಲಿಗೆ ಬರುವ ರಕ್ತಪರೀಕ್ಷೆಯ ಆಫರ್ ನೋಡಿದರೆ ಸಾಕು. ಯುಗಾದಿಗೆ ಬೇವು-ಬೆಲ್ಲದ ಜೊತೆ ಫುಲ್ ಬಾಡಿ ಚೆಕಪ್. ವರಮಹಾಲಕ್ಷ್ಮಿಗೆ ಗೃಹಿಣಿಯರಿಗೆ ವಿಶೇಷ ರಿಯಾಯಿತಿ. ಅಪ್ಪಂದಿರ ದಿನಕ್ಕೆ ಅಪ್ಪನ ಪ್ರಾಸ್ಟೇಟ್. ಮಾರ್ಚ್ ಬಂದರಂತೂ ಕೇಳಲೇಬೇಡಿ. ಹಳೇ ತೆರಿಗೆ ಪದ್ಧತಿಯವರಿಗೆ ಹೆಲ್ತ್ ಚೆಕಪ್‌ಗೆ 5,000 ರೂಪಾಯಿವರೆಗೆ ತೆರಿಗೆ ವಿನಾಯಿತಿ ಇದೆ. ಅದನ್ನ ಸುಮ್ನೆ ಬಿಡೋದ್ಯಾಕೆ ಅಂತ ಜನ ಬೆಳಗಾಗೆದ್ದು ಖಾಲಿ ಹೊಟ್ಟೆಯಲ್ಲಿ ತೋಳು ಮಡಚಿಕೊಂಡು ಕೂರುತ್ತಾರೆ.

999 ರೂಪಾಯಿಗೆ 87 ಪರೀಕ್ಷೆ. ಆಷಾಢದಲ್ಲಿ ಸೀರೆ ಅಂಗಡಿಯವರೂ ಇಷ್ಟು ಧಾರಾಳ ತೋರಿಸುವುದಿಲ್ಲ.

ಒಂದು ಸಣ್ಣ ಟ್ಯೂಬ್ ರಕ್ತದಲ್ಲಿ 87 ಹೇಗೆ ಹುಟ್ಟುತ್ತವೆ? ಕಂಪ್ಲೀಟ್ ಬ್ಲಡ್ ಕೌಂಟ್ ಅನ್ನುವ ಒಂದೇ ಪರೀಕ್ಷೆಯನ್ನು ಎಳೆ ಎಳೆಯಾಗಿ ಬಿಡಿಸಿದರೆ ಇಪ್ಪತ್ತು ದಾಟುತ್ತದೆ. ಉಳಿದದ್ದಕ್ಕೆ ಲೆಕ್ಕದ ಮೇಷ್ಟ್ರು ಬೇಕು. ವಿಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಸಾಮಾನ್ಯವಾಗಿ ಯಾರೂ ಅಳೆಯುವುದೇ ಇಲ್ಲ, ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸುತ್ತಾರೆ. ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದರೆ ಗ್ಲೋಬ್ಯುಲಿನ್. ಆಲ್ಬುಮಿನ್ನನ್ನು ಅದೇ ಗ್ಲೋಬ್ಯುಲಿನ್ನಿನಿಂದ ಭಾಗಿಸಿದರೆ ಮತ್ತೊಂದು ಪರೀಕ್ಷೆ! ಸರಾಸರಿ ಸಕ್ಕರೆ ಬೇಕಾ? ಎಚ್‌ಬಿಎ1ಸಿ ಅಂಕಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ. ಸೂಜಿ ಚುಚ್ಚುವುದು ಒಂದೇ ಸಲ, ಆಮೇಲೆಲ್ಲಾ ಕೂಡುವುದು ಕಳೆಯುವುದು.

ಇರಲಿ, ಕಾಸಿಗೆ ತಕ್ಕ ಕಜ್ಜಾಯ. ನಿಜವಾದ ಚಮತ್ಕಾರ, ರಿಪೋರ್ಟಿನಲ್ಲಿ ನಾರ್ಮಲ್ ಅಲ್ಲದ ಅಂಕಿಗೆ ಹಾಕುವ ದಪ್ಪಕ್ಷರದಲ್ಲಿದೆ. ಬಹುಪಾಲು ಪರೀಕ್ಷೆಗಳಿಗೆ ‘ನಾರ್ಮಲ್’ ಅನ್ನುವ ಗಡಿ ಹಾಕುವುದು ಹೀಗೆ: ಆರೋಗ್ಯವಾಗಿರುವವರ ರಕ್ತ ತೆಗೆದು, ನೂರಕ್ಕೆ ಮಧ್ಯದ 95 ಜನರನ್ನು ಒಳಗಿಟ್ಟುಕೊಂಡು, ಆ ತುದಿ ಈ ತುದಿಯ ಐವರನ್ನು ಬೇಲಿಯಾಚೆ ಬಿಡುವುದು. ಆ ಐವರೂ ಗುಂಡುಕಲ್ಲಿನ ಹಾಗೆ ಇರುವವರೇ. ಈಗ ಲೆಕ್ಕ ಹಾಕಿ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವನಿಗೆ ಎಲ್ಲವೂ ನಾರ್ಮಲ್ ಬರುವ ಸಾಧ್ಯತೆ ಶೇ. 36. ಅಂಥ 80 ಮಾಡಿಸಿದರೆ ಶೇ. 2 ಕೂಡ ಇಲ್ಲ. ಅಂದರೆ ದುಡ್ಡು ಜಾಸ್ತಿ ಕೊಟ್ಟಷ್ಟೂ ಆರೋಗ್ಯವಂತರಾಗಿರುವುದು ಕಷ್ಟ. ಪ್ಲಾಟಿನಂ ಪ್ಯಾಕೇಜ್ ತಗೊಂಡವರಿಗಂತೂ ಆ ಆಸೆಯೇ ಬೇಡ.

ನಂಬಿಕೆ ಬರದಿದ್ದರೆ ಮೀನಿನ ಕತೆ ಕೇಳಿ. ಅಮೆರಿಕದ ಮೆದುಳು ಸಂಶೋಧಕ ಕ್ರೇಗ್ ಬೆನೆಟ್ ಮತ್ತು ಅವರ ಸ್ನೇಹಿತರು ಒಂದು ಸಾಲ್ಮನ್ ಮೀನು ತಂದು ಮೆದುಳಿನ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಮನುಷ್ಯರ ಫೋಟೋ ತೋರಿಸಿ, ‘ಇವರ ಮನಸ್ಸಿನಲ್ಲಿ ಏನಿದೆ ಹೇಳು’ ಅಂತ ಕೇಳಿದರು. ಮೀನಿನ ಮೆದುಳಿನಲ್ಲಿ ಒಂದು ಕಡೆ ಚಟುವಟಿಕೆ ಕಾಣಿಸಿತು. ತೊಂದರೆ ಏನೆಂದರೆ, ಮೀನು ಸತ್ತಿತ್ತು. ಸ್ಕ್ಯಾನ್ ಚಿತ್ರದ ಸಾವಿರಾರು ಚುಕ್ಕಿಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಕೆಲವು ಸುಮ್ನೆ ಅದೃಷ್ಟದಿಂದಲೇ ಮಿನುಗುತ್ತವೆ, ಅದಕ್ಕೆ ಲೆಕ್ಕ ಸರಿಪಡಿಸಿಕೊಳ್ಳಬೇಕು ಅಂತ ತೋರಿಸುವುದೇ ಅವರ ಉದ್ದೇಶ. ಸರಿಪಡಿಸಿದಾಗ ಮೀನು ಮತ್ತೆ ಸತ್ತಿತು. 2012ರಲ್ಲಿ ಇವರಿಗೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂತು. ನಮ್ಮ ಕಡೆಯವರ ಕೈಗೆ ಸಿಕ್ಕಿದ್ದರೆ ಆ ಮೀನಿಗೆ ಫಾಲೋಅಪ್ ಡೇಟ್ ಕೊಟ್ಟು ಕಳಿಸುತ್ತಿದ್ದರು.

ಬೆಂಗಳೂರಿನ ಯಾವುದೇ ಪಾರ್ಕಿಗೆ ಬೆಳಿಗ್ಗೆ ಹೋಗಿ ನೋಡಿ. ಮೊದಲು ಮಕ್ಕಳು ಅಮೆರಿಕದಲ್ಲಿ ಎಲ್ಲಿದ್ದಾರೆ ಅಂತ ಮಾತು ಶುರುವಾಗುತ್ತಿತ್ತು. ಈಗ ಲಿವರಿನಿಂದ.

“ರಾಯರೇ, ಫ್ಯಾಟಿ ಲಿವರ್ ನಿಮ್ಮದು ಯಾವ ಗ್ರೇಡು?”

“ಒಂದೇ ಕಣ್ರೀ. ನಿಮ್ಮದು?”

“ಎರಡು. ಜೊತೆಗೆ ಥೈರಾಯ್ಡಲ್ಲಿ ಒಂದು ಗಂಟು ಬೇರೆ ಕಾಣಿಸಿದೆ.”

ರಾಯರ ಮುಖ ಸಪ್ಪಗಾಗುತ್ತದೆ. ತಮ್ಮ ಪ್ಯಾಕೇಜಿನಲ್ಲಿ ಕುತ್ತಿಗೆ ಸ್ಕ್ಯಾನ್ ಇರಲಿಲ್ಲವಲ್ಲ!

ರಾಯರು ಮರುಗುವ ಮೊದಲು ಒಮ್ಮೆ ದಕ್ಷಿಣ ಕೊರಿಯಾದ ಕಡೆ ನೋಡಬೇಕಿತ್ತು. ಅಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಶುರು ಮಾಡಿತು. ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ‘ಹೇಗೂ ಬಂದಿದ್ದೀರಿ, ಚೂರು ದುಡ್ಡು ಸೇರಿಸಿದರೆ ಕುತ್ತಿಗೆಯ ಅಲ್ಟ್ರಾಸೌಂಡೂ ಆಗಿಬಿಡುತ್ತೆ’ ಅಂದರು ಆಸ್ಪತ್ರೆಯವರು. ಬಂದವರು ಹೂಂ ಅಂದರು. 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟಾಗಿತ್ತು. ಆ ಒಂದೇ ವರ್ಷ 40,000ಕ್ಕೂ ಜಾಸ್ತಿ ಜನಕ್ಕೆ ಕ್ಯಾನ್ಸರ್ ಅಂತ ಹೇಳಲಾಯಿತು. ಥೈರಾಯ್ಡ್ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ? ಇದ್ದಲ್ಲೇ ಇತ್ತು. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಬಯಾಪ್ಸಿ ಸುಳ್ಳು ಹೇಳಿತ್ತಾ? ಇಲ್ಲ, ಅದೇ ತಮಾಷೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಕ್ಯಾನ್ಸರೇ. ಆದರೆ ಅದರಲ್ಲಿ ಬಹುಪಾಲು ಯಾರ ತಂಟೆಗೂ ಹೋಗದೆ ಮೂಲೆಯಲ್ಲಿ ಬಿದ್ದುಕೊಂಡಿರುವ ಜಾತಿ. ಫಿನ್ಲೆಂಡಿನವರು 1985ರಲ್ಲೇ, ಬೇರೆ ಬೇರೆ ಕಾರಣಕ್ಕೆ ಸತ್ತ 101 ಜನರ ಥೈರಾಯ್ಡ್ ಸೀಳಿ ನೋಡಿ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಪುಟ್ಟ ಕ್ಯಾನ್ಸರ್ ಇತ್ತು ಅಂದಿದ್ದರು. ಇದ್ದವರಿಗೆ ಅದು ಗೊತ್ತೇ ಇರಲಿಲ್ಲ, ಪುಣ್ಯವಂತರು. ಕೊರಿಯಾದಲ್ಲಿ ಗೊತ್ತಾಯಿತು, ಆದ್ದರಿಂದ ಕೊಯ್ದರು. ಹೆಚ್ಚಿನವರಿಗೆ ಜೀವನಪೂರ್ತಿ ಬೆಳಿಗ್ಗೆ ಒಂದು ಮಾತ್ರೆ. ಕೊಯ್ಸಿಕೊಂಡವರಲ್ಲಿ ಶೇ. 11 ಜನರ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟು ಕ್ಯಾಲ್ಸಿಯಂ ಏರುಪೇರಾಯಿತು, ಶೇ. 2 ಜನರ ಧ್ವನಿತಂತು ಸ್ವಾಧೀನ ತಪ್ಪಿತು. ಇಷ್ಟಾದರೂ ಅವರೆಲ್ಲ ‘ಬೇಗ ಗೊತ್ತಾಗಿದ್ದಕ್ಕೆ ಬದುಕಿಕೊಂಡೆವು’ ಅಂತಲೇ ಅಂದುಕೊಂಡಿರಬೇಕು. ತೊಂದರೆಯನ್ನೇ ಕೊಡದ ಕಾಯಿಲೆಯನ್ನು ಗೆಲ್ಲುವುದಕ್ಕಿಂತ ಸುಲಭದ ಗೆಲುವು ಯಾವುದಿದೆ ಹೇಳಿ? 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಸಾಕು ಮಾಡಿ ಅಂತ ಬಹಿರಂಗ ಪತ್ರ ಬರೆದರು. ಒಂದೇ ವರ್ಷದಲ್ಲಿ ಆಪರೇಷನ್ನುಗಳು ಶೇ. 35ರಷ್ಟು ಇಳಿದವು. ಒಂದು ಪತ್ರ ಓದಿ ಇಷ್ಟು ಕಾಯಿಲೆ ಇಳಿದದ್ದು ವೈದ್ಯಶಾಸ್ತ್ರದಲ್ಲೇ ಅಪರೂಪ.

ನಮ್ಮ ಸ್ಕ್ಯಾನ್ ರಿಪೋರ್ಟುಗಳ ಕೊನೆಗೂ ಒಂದು ಎಚ್ಚರಿಕೆ ಇರುತ್ತದೆ. ‘ಕ್ಲಿನಿಕಲಿ ಕೋರಿಲೇಟ್ ಮಾಡಿಕೊಳ್ಳಿ’ ಅಂತ. ಅಂದರೆ, ಪೇಷೆಂಟನ್ನು ಮುಟ್ಟಿ ನೋಡಿದ, ನಾಲ್ಕು ಮಾತಾಡಿಸಿದ ಡಾಕ್ಟರು ಇದನ್ನು ಅಳೆದು ತೂಗಬೇಕು. ಒಳ್ಳೇ ಮಾತು. ಆದರೆ ಪ್ಯಾಕೇಜಿನಲ್ಲಿ ಡಾಕ್ಟರೇ ಇಲ್ಲವಲ್ಲ! ರಕ್ತ ತಗೊಂಡವನು ಬೈಕ್ ಹತ್ತಿ ಹೋದ, ರಿಪೋರ್ಟ್ ವಾಟ್ಸಾಪಿಗೆ ಬಂತು. ಇನ್ನು ಕೋರಿಲೇಟ್ ಮಾಡುವುದು ಫ್ಯಾಮಿಲಿ ಗ್ರೂಪಿನಲ್ಲಿರುವ ಭಾವ, ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರ್.

ಬಿಪಿ, ಶುಗರ್ ನೋಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಮೈಯಲ್ಲಿ ಗಂಟು ಕೈಗೆ ಸಿಕ್ಕರೆ, ಮಲದಲ್ಲಿ ರಕ್ತ ಕಂಡರೆ ಇವತ್ತೇ ಓಡಿ. ಏನೂ ಇಲ್ಲದವರಿಗೂ ಮಾಡಿ ಜೀವ ಉಳಿಸುವ ಪರೀಕ್ಷೆಗಳೂ ಇವೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಸುಮಾರು 1.5 ಲಕ್ಷ ಹೆಂಗಸರಲ್ಲಿ ಒಂದನ್ನು ಪರೀಕ್ಷಿಸಿ ನೋಡಿದರು. ಗರ್ಭಕೋಶದ ಕೊರಳಿಗೆ ವಿನೆಗರಿನಂಥ ದ್ರವ ಹಚ್ಚುವುದು, ಬಿಳಿ ಮಚ್ಚೆ ಕಾಣುತ್ತಾ ನೋಡುವುದು, ಅಷ್ಟೇ. ನೋಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2013ರಲ್ಲಿ ಫಲಿತಾಂಶ ಹೇಳಿದರು: ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇ. 31 ಕಡಿಮೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಆದವರು ಶೇ. 1.9.

ಮೊನ್ನೆ ಪೇಪರಿನೊಳಗೆ ಒಂದು ಪಾಂಪ್ಲೆಟ್ ಬಂದಿತ್ತು. ಗಂಡ ಮಾಡಿಸಿದರೆ ಹೆಂಡತಿಗೆ ಅರ್ಧ ಬೆಲೆ. ಅವರ ಪಟ್ಟಿಯಲ್ಲಿ ಆ ಪರೀಕ್ಷೆ ಹುಡುಕಿದೆ. ಸಿಎ-125 ಅನ್ನುವ ರಕ್ತಪರೀಕ್ಷೆ ಇತ್ತು, ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಪ್ರಯೋಗ ಮಾಡಿ, ಅದರ ತಪಾಸಣೆಯಿಂದ ಅಂಡಾಶಯ ಕ್ಯಾನ್ಸರಿನ ಸಾವು ತಗ್ಗಲಿಲ್ಲ ಅಂತ 2021ರಲ್ಲಿ ಹೇಳಿದರಲ್ಲ, ಅದೇ. ವಿಟಮಿನ್ ಡಿ ಇತ್ತು. ವಿನೆಗರ್ ಇರಲಿಲ್ಲ. ಬದಲಿಗೆ ಡಯಟ್ ಚಾರ್ಟ್ ಫ್ರೀ.