ಬೆಳೆದಿದ್ದು ಸಾಕು, ಸ್ವಲ್ಪ ಕುಗ್ಗಿ

2023ರ ಜುಲೈ 18ರಂದು ನರಕದಲ್ಲಿ ಆಡಳಿತ ಸುಧಾರಣೆ ಜಾರಿಗೆ ಬಂತು. ನರಕದ ದೆವ್ವಗಳನ್ನು ಹೊಡೆಯುವ ಡಯಾಬ್ಲೊ 4 ವಿಡಿಯೊ ಆಟದ 1.1.0 ಪ್ಯಾಚ್, ಅಂದ್ರೆ ಆಟವನ್ನು ತಿದ್ದುವ ಅಪ್‌ಡೇಟ್. ಆಟ ಬಿಡುಗಡೆಯಾಗಿ ಆಗಷ್ಟೇ ಆರು ವಾರ. ಮೊದಲ ಐದು ದಿನಕ್ಕೇ 66.6 ಕೋಟಿ ಡಾಲರ್ ಮಾರಾಟ ಆಯ್ತು ಎಂದು ಬ್ಲಿಜಾರ್ಡ್ ಕಂಪನಿ ಹೇಳಿಕೊಂಡಿತ್ತು. ಸೈತಾನನ ಸಂಖ್ಯೆ 666 ಬರಲಿ ಅಂತ ಕಾದು ಕೂತು ಪ್ರಕಟಣೆ ಹೊರಡಿಸಿದರೋ ಏನೋ. 70 ಡಾಲರ್ ಕೊಟ್ಟು ಕೊಂಡವರು ನಿದ್ದೆಗೆಟ್ಟು ಆಡಿ, ತಮ್ಮ ಬಾರ್ಬೇರಿಯನ್ ಯೋಧನನ್ನು ಒಂದೇಟಿಗೆ ದೆವ್ವಗಳ ಗುಂಪನ್ನೇ ಮಲಗಿಸುವ ಮಟ್ಟಕ್ಕೆ ತಂದಿದ್ದರು. ಜನ ಖುಷಿಯಾಗಿದ್ದರು. ಆಟ ಮಾಡುವವರಿಗೆ ಇದಕ್ಕಿಂತ ದೊಡ್ಡ ಅಪಾಯದ ಗಂಟೆ ಬೇಕೇ?

ಪ್ಯಾಚ್ ಬಂತು. ಆಗೊಮ್ಮೆ ಈಗೊಮ್ಮೆ ಜೋರಾಗಿ ಬೀಳುವ ಕ್ರಿಟಿಕಲ್ ಹೊಡೆತದ ಬಲ ಇಳಿಯಿತು. ದುರ್ಬಲಗೊಂಡ ಶತ್ರುವಿಗೆ ಬೀಳುವ ಹೆಚ್ಚುವರಿ ಏಟು, ಅಂದ್ರೆ ವಲ್ನರಬಲ್ ಡ್ಯಾಮೇಜ್, ಇಳಿಯಿತು. ಒಂದು ಸ್ಕಿಲ್ ಮತ್ತೆ ಬಳಸಲು ಕಾಯುವ ಹೊತ್ತಿಗೆ ಸಿಗುತ್ತಿದ್ದ ಕೂಲ್‌ಡೌನ್ ರಿಯಾಯಿತಿ ಇಳಿಯಿತು. ಮೊದಲೇ ಬಡಕಲಾಗಿದ್ದ ಮಾಂತ್ರಿಕ ಸಾರ್ಸರರ್‌ಗೆ ನಾಲ್ಕೇಟು ಜಾಸ್ತಿಯೇ ಬಿತ್ತು. ಇವೆಲ್ಲ ದೊಡ್ಡ ಲೆಕ್ಕ, ಬಿಡಿ. ನನ್ನ ಮನಸ್ಸು ಗೆದ್ದಿದ್ದು ಒಂದು ಸಣ್ಣ ಸಾಲು. ಗುಹೆಯಿಂದ ಹೊರಗೆ ಬರುವ ಬಟನ್ ಒತ್ತಿದರೆ ಮೊದಲು 3 ಸೆಕೆಂಡ್ ಕಾಯಬೇಕಿತ್ತು. ಇನ್ನು ಮೇಲೆ 5 ಸೆಕೆಂಡ್. ಗುಹೆ ಖಾಲಿ. ದೆವ್ವಗಳೆಲ್ಲ ಸತ್ತು ಬಿದ್ದಿವೆ. ಚಿನ್ನ ಆರಿಸಿದ್ದಾಗಿದೆ. ಆ ಎರಡು ಸೆಕೆಂಡ್ ಯಾರ ಬಲಕ್ಕೂ ಯಾರ ಬಲಕ್ಕೂ ನಡುವಿನ ಸಮತೋಲನ ಅಂತ ಕೇಳಬಾರದು. ಮನೆಗೆ ಹೋಗುವಾಗಲೂ ಜನ ಅತಿಯಾಗಿ ಸುಖಪಡುತ್ತಿದ್ದರು, ಅಷ್ಟೇ.

ಮೂರು ದಿನ ಕಳೆಯುವುದರೊಳಗೆ ಅದೇ ತಂಡದವರು ಲೈವ್‌ನಲ್ಲಿ ಕೂತು, ಇಂಥ ಪ್ಯಾಚ್ ಇನ್ನೊಮ್ಮೆ ಮಾಡುವ ಯೋಚನೆ ನಮಗಿಲ್ಲ ಎಂದರು. ಆಗಸ್ಟ್‌ನಲ್ಲಿ ಎರಡು ಸೆಕೆಂಡ್ ವಾಪಸ್ ಬಂತು. ಬಡ್ಡಿ ಕೊಡಲಿಲ್ಲ.

ಈ ಆ್ಯಕ್ಷನ್ ಆರ್‌ಪಿಜಿ ಆಟಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ದೆವ್ವ ಹೊಡೆದರೆ ಲೆವೆಲ್ ಏರುತ್ತೆ. ಲೆವೆಲ್ ಏರಿದರೆ ಪಾಯಿಂಟ್ ಸಿಗುತ್ತೆ. ಪಾಯಿಂಟ್ ಹಾಕಿದರೆ ಸ್ಕಿಲ್ ಬೆಳೆಯುತ್ತೆ. ಸ್ಕಿಲ್ ಬೆಳೆದರೆ ಇನ್ನೂ ಜಾಸ್ತಿ ದೆವ್ವ ಹೊಡೆಯಬಹುದು. ಇಷ್ಟೇ ಆಗಿದ್ದರೆ ಸಮಸ್ಯೆ ಇರಲಿಲ್ಲ. ಆದರೆ ಸ್ಕಿಲ್, ಆಯುಧಗಳನ್ನು ಜೋಡಿಸಿ ಮಾಡಿದ ಯಾವ ಬಿಲ್ಡ್ ಕೂಡ ಇನ್ನೊಂದಕ್ಕಿಂತ ಜೋರಾಗಿರಬಾರದು, ಯಾವುದೂ ಸೋತ ಹಾಗೆ ಕಾಣಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾವು ಸಾಯದ ಆಟಕ್ಕೆ ಜನ ಕೋಲು ಯಾಕೆ ಕೊಳ್ಳಬೇಕು ಅನ್ನೋದು ಬೇರೆ ಇಲಾಖೆಯ ಪ್ರಶ್ನೆ.

ಅದಕ್ಕಾಗಿ ಶೇಕಡಾವಾರು ಬಂತು. ಡಯಾಬ್ಲೊ 4 ಬಂದ ಹೊಸದರಲ್ಲಿ ಒಂದು ಕತ್ತಿ ಸಿಕ್ಕಿದರೆ ಅದು ಎಷ್ಟು ಹರಿತ ಅಂತ ನೋಡಿ ಮುಗಿಸುವ ಹಾಗಿರಲಿಲ್ಲ. ಹತ್ತಿರದ ಶತ್ರುವಿಗೆ ಇಷ್ಟು ಜಾಸ್ತಿ, ದೂರದವನಿಗೆ ಅಷ್ಟು ಜಾಸ್ತಿ. ನಿಧಾನವಾದವನಿಗೆ ಒಂದು ರೇಟು, ಮಂಕಾದವನಿಗೆ ಒಂದು ರೇಟು. ಗಾಯಗೊಂಡವನಿಗೆ ಬೇರೆ, ಗಟ್ಟಿಮುಟ್ಟಾದವನಿಗೆ ಬೇರೆ. ಪ್ರತಿ ದೆವ್ವ ಸತ್ತಾಗಲೂ ಆಟಗಾರ ನಿಂತು, ಈ ಸಾಲುಗಳನ್ನು ಓದಿ, ಹಳೇ ಕತ್ತಿ ಇಟ್ಟುಕೊಳ್ಳಬೇಕೋ ಹೊಸದು ಹಿಡಿಯಬೇಕೋ ಅಂತ ತಲೆ ಕೆರೆದುಕೊಳ್ಳಬೇಕು. ರಾಹುಕಾಲದಲ್ಲಿ ಹೊಡೆದರೆ ಶೇ 12, ಗುಳಿಕಕಾಲದಲ್ಲಿ ಶೇ 8 ಅಂತ ಇನ್ನೆರಡು ಸಾಲು ಸೇರಿಸಿದ್ದರೂ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಇದರಲ್ಲೂ ಒಂದು ಒಳಮರ್ಮ ಇದೆ. ಕೆಲವು ಶೇಕಡಾ ಒಂದಕ್ಕೊಂದು ಕೂಡುತ್ತವೆ, ಕೆಲವು ಗುಣಿಸುತ್ತವೆ. 100 ಡ್ಯಾಮೇಜ್ ಇದೆ ಅನ್ನಿ. ಶೇ 20ರಂತೆ ಹತ್ತು ಸಲ ಕೂಡಿಸಿದರೆ 300 ಆಗುತ್ತೆ. ಅದೇ ಹತ್ತು ಸಲ ಗುಣಿಸಿದರೆ 619. ಎರಡಕ್ಕೂ ಒಂದೇ ಬಣ್ಣ, ಒಂದೇ ಅಕ್ಷರ, ನಡುವೆ ಪುಟ್ಟದೊಂದು ಗುರುತಿನ ವ್ಯತ್ಯಾಸ. ಗೊತ್ತಿದ್ದವನು ರಾಕ್ಷಸನನ್ನು ಎರಡು ಸೆಕೆಂಡ್‌ಗೆ ಮುಗಿಸುತ್ತಾನೆ. ಗೊತ್ತಿಲ್ಲದವನು ಅದೇ ರಾಕ್ಷಸನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಇರುತ್ತಾನೆ. ಆಮೇಲೆ ಮೊದಲನೆಯವನನ್ನು ನೋಡಿ ಕಂಪನಿ ಗಾಬರಿಯಾಗಿ ಇಬ್ಬರ ಡ್ಯಾಮೇಜನ್ನೂ ಕತ್ತರಿಸುತ್ತೆ. ನೆಗಡಿ ಬಂತು ಅಂತ ಪಕ್ಕದ ಮನೆಯವನ ಮೂಗನ್ನೂ ಕೊಯ್ದಿದ್ದು.

ಹಳೇ ಕಾಲದಲ್ಲಿ ಇಷ್ಟು ಕ್ರೂರತನ ಇರಲಿಲ್ಲ ಅನ್ನುವವರು ಡಯಾಬ್ಲೊ 2 ಆಡಿಲ್ಲ. 2000ದಲ್ಲಿ ಬಂದ ಆಟ. ತಪ್ಪು ಸ್ಕಿಲ್‌ಗೆ ಪಾಯಿಂಟ್ ಹಾಕಿದರೆ ಮುಗೀತು, ಪಾತ್ರವನ್ನೇ ಬಿಟ್ಟು ಮೊದಲಿನಿಂದ ಶುರು ಮಾಡಿ. ಹಾಕಿದ ಪಾಯಿಂಟ್ ವಾಪಸ್ ಪಡೆಯುವ ಸೌಲಭ್ಯ ಬಂದಿದ್ದು 2010ರಲ್ಲಿ, 1.13 ಪ್ಯಾಚ್‌ನಲ್ಲಿ. ಪಹಣಿಯಲ್ಲಿ ತಾತನ ಹೆಸರು ತಿದ್ದಿಸಲು ತಾಲ್ಲೂಕು ಕಚೇರಿ ಅಲೆದವರಿಗೆ ಈ ಹತ್ತು ವರ್ಷ ಏನೂ ಅನ್ನಿಸಲಿಕ್ಕಿಲ್ಲ. ಒಳ್ಳೆ ಸ್ಕಿಲ್‌ಗಳು ಸಿಗುತ್ತಿದ್ದದ್ದು ಲೆವೆಲ್ 18, 24, 30ಕ್ಕೆ. ಹಾಗಾಗಿ ಬುದ್ಧಿವಂತರು ಬಂದ ಪಾಯಿಂಟ್ ಯಾವುದಕ್ಕೂ ಹಾಕದೆ ಗಂಟು ಕಟ್ಟಿಕೊಂಡು, ಬರಿಗೈಯಲ್ಲೇ ದೆವ್ವಗಳ ಕೈಲಿ ಏಟು ತಿನ್ನುತ್ತಾ ಓಡಾಡುತ್ತಿದ್ದರು. ಇದನ್ನು ತಪ್ಪಿಸಲು 2003ರಲ್ಲಿ ಸಿನರ್ಜಿ ತಂದರು. ಸಣ್ಣ ಸ್ಕಿಲ್‌ಗೆ ಹಾಕಿದ ಪಾಯಿಂಟ್ ದೊಡ್ಡ ಸ್ಕಿಲ್‌ಗೂ ಬಲ ಕೊಡುತ್ತೆ. ಪರಿಣಾಮ ಏನಾಯ್ತು ಅಂದ್ರೆ, ಫೈರ್ ಬಾಲ್ ಎಸೆಯುವವಳು ಫೈರ್ ಬೋಲ್ಟ್‌ಗೆ 20 ಪಾಯಿಂಟ್ ಸುರಿದಳು. ಆಮೇಲೆ ಆ ಫೈರ್ ಬೋಲ್ಟನ್ನು ಮುಟ್ಟಿಯೂ ನೋಡಲಿಲ್ಲ.

2012ರ ಡಯಾಬ್ಲೊ 3 ಇನ್ನೂ ಚೆನ್ನ. ಇನ್‌ಫರ್ನೊ ಅನ್ನೋ ಕಷ್ಟದ ಹಂತ ಸಾಕಷ್ಟು ಕಠಿಣವಾಗಿದೆ ಎಂದು ಪರೀಕ್ಷೆ ಮಾಡುವ ತಂಡ ಹೇಳಿತಂತೆ. ಆಗ ಅದನ್ನು ದುಪ್ಪಟ್ಟು ಮಾಡಿದೆವು ಎಂದು ಆಟದ ನಿರ್ದೇಶಕರೇ ನಗುತ್ತಾ ಹೇಳಿದ್ದರು. ಜೊತೆಗೇ ಆಯುಧಗಳನ್ನು ನಿಜವಾದ ದುಡ್ಡಿಗೆ ಹರಾಜು ಹಾಕುವ ಮಾರುಕಟ್ಟೆಯನ್ನೂ ಆಟದೊಳಗೇ ತೆರೆದರು. ಮುಂದಿನ ಗುಡ್ಡ ಹತ್ತಲಾಗದಷ್ಟು ಎತ್ತರ ಮಾಡಿ, ಬುಡದಲ್ಲಿ ಅಂಗಡಿ ಇಟ್ಟರು. ಕಾಕತಾಳೀಯ ಅಂತಲೇ ನಂಬೋಣ. 2014ರ ಮಾರ್ಚ್‌ನಲ್ಲಿ ಅಂಗಡಿ ಮುಚ್ಚಿತು.

ಆದರೆ ಸಮತೋಲನದ ಶಿಖರ ನೋಡಬೇಕೆಂದರೆ 2006ರ ಆಬ್ಲಿವಿಯನ್ ಆಟಕ್ಕೇ ಹೋಗಬೇಕು. ಅಲ್ಲಿ ನೀವು ಬೆಳೆದಂತೆ ಲೋಕವೂ ಬೆಳೆಯುತ್ತೆ. ನೀವು ಲೆವೆಲ್ 1 ಇದ್ದಾಗ ಚರ್ಮದ ಅಂಗಿ ತೊಟ್ಟು ದಾರಿ ಕಾಯುತ್ತಿದ್ದ ಕಳ್ಳ, ನೀವು ಲೆವೆಲ್ 20 ದಾಟುವ ಹೊತ್ತಿಗೆ ಗಾಜಿನ ಕವಚ ತೊಟ್ಟಿರುತ್ತಾನೆ. ಆ ಕವಚದ ಬೆಲೆ ಸಾವಿರಾರು ಚಿನ್ನ. ಅದನ್ನು ತೊಟ್ಟುಕೊಂಡು ಅಡ್ಡ ನಿಂತು, 100 ಚಿನ್ನ ಕೊಡು, ಇಲ್ಲಾಂದ್ರೆ ಜೀವ ತೆಗೀತೀನಿ ಅನ್ನುತ್ತಾನೆ. ಅಯ್ಯೋ ಮಾರಾಯ, ನಿನ್ನ ಒಂದು ಕೈಗವಸು ಮಾರಿದರೆ ಊರಿಗೆಲ್ಲ ಊಟ ಹಾಕಿಸಬಹುದಲ್ವಾ! ಹೇಳಿದರೆ ಕೇಳಲ್ಲ, ಅವನಿಗೂ ಲೆವೆಲ್ ಇದೆ.

ಅದೇ ಆಟದಲ್ಲಿ ಲೆವೆಲ್ ಏರಬೇಕಾದರೆ ಹಾಸಿಗೆ ಮೇಲೆ ಮಲಗಬೇಕಿತ್ತು. ಲೆವೆಲ್‌ಗೆ ಲೆಕ್ಕವಾಗುವ ಮುಖ್ಯ ಸ್ಕಿಲ್ ಎಷ್ಟೇ ಬೆಳೆದಿರಲಿ, ಮಲಗದಿದ್ದರೆ ಲೆವೆಲ್ ಏರಲ್ಲ. ಜನ ಇದನ್ನು ಕಂಡುಹಿಡಿದರು. ನಿದ್ದೆಯನ್ನೇ ಬಿಟ್ಟರು. ಲೆವೆಲ್ 1ರಲ್ಲೇ ಇದ್ದು, ಬಡಪಾಯಿ ದೆವ್ವಗಳನ್ನು ಬಡಿಯುತ್ತಾ, ನರಕದ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿ ಲೋಕ ಉಳಿಸಿದರು. ಇನ್ನು ಕೆಲವರು ತಾವು ಯಾವತ್ತೂ ಬಳಸದ ಸ್ಕಿಲ್‌ಗಳನ್ನೇ ಹುಡುಕಿ ಮುಖ್ಯ ಸ್ಕಿಲ್ ಅಂತ ಆರಿಸಿಕೊಂಡರು, ತಪ್ಪಿಯೂ ಮುಂದೆ ಬರದಿರಲಿ ಅಂತ. ಕತ್ತಿವರಸೆಯವನ ಬಯೊಡಾಟಾದಲ್ಲಿ ಮಾತುಗಾರಿಕೆ, ವ್ಯಾಪಾರ, ಬೀಗ ತೆಗೆಯೋದು. ಬೆಳವಣಿಗೆಯ ಆಟದಲ್ಲಿ ಬೆಳೆಯದೇ ಇರೋದು ಗೆಲ್ಲುವ ದಾರಿಯಾದರೆ, ಸಮತೋಲನ ಎಂದರೆ ಅದೇ ಇರಬೇಕು.

ನ್ಯೂಜಿಲೆಂಡ್‌ನವರು ಮಾತ್ರ ಪ್ರಾಮಾಣಿಕರು. ಅವರ ಪಾತ್ ಆಫ್ ಎಕ್ಸೈಲ್ ಆಟದ ಸ್ಕಿಲ್ ಮರದಲ್ಲಿ 1300ಕ್ಕೂ ಜಾಸ್ತಿ ಚುಕ್ಕಿಗಳಿವೆ. ನಿಮಗೆ ಬೇಕಾದ ಒಂದು ಚುಕ್ಕಿ ತಲುಪಲು ಬೇಡದ ಹಲವು ಚುಕ್ಕಿಗಳನ್ನು ತುಳಿಯಬೇಕು, ಒಂದೊಂದಕ್ಕೂ 10 ಅಂಕ ಶಕ್ತಿಯೋ ಬುದ್ಧಿಯೋ ಕೊಟ್ಟು ಸಮಾಧಾನ ಮಾಡುತ್ತಾರೆ. ಇದನ್ನು ಯಾರೂ ಸುಮ್ನೆ ಆಡಲ್ಲ. ಆಟಗಾರರೇ ಮಾಡಿಕೊಂಡ ಪಾತ್ ಆಫ್ ಬಿಲ್ಡಿಂಗ್ ಅನ್ನೋ ಬೇರೆ ಸಾಫ್ಟ್‌ವೇರ್ ಇದೆ. ಮೊದಲು ಅದರಲ್ಲಿ ಲೆಕ್ಕ ಬರೆದು, ತಾಳೆ ಹಾಕಿ, ಆಮೇಲೆ ಆಟ. ಆಡಿಟರ್ ಇಲ್ಲದೆ ದೆವ್ವ ಸಾಯಲ್ಲ. ಎರಡನೇ ಭಾಗದ 0.2.0 ಪ್ಯಾಚ್ 2025ರ ಏಪ್ರಿಲ್‌ನಲ್ಲಿ ಬಂದಾಗ ಆಟಗಾರರ ಬಲಕ್ಕೆ ಕತ್ತರಿ ಬಿತ್ತು, ಆಟ ಮಾರುವ ಸ್ಟೀಮ್ ತಾಣದಲ್ಲಿ ಬೈಗುಳದ ಮಳೆಯಾಯಿತು, ಕೆಲವೇ ದಿನದಲ್ಲಿ ಪ್ಯಾಚ್ ಮೇಲೆ ಪ್ಯಾಚ್ ಹಾಕಿ ತೇಪೆ ಹಚ್ಚಿದರು. ಕಥೆ ಗೊತ್ತಿದ್ದದ್ದೇ, ಊರು ಬೇರೆ.

ಈ ಜಂಜಾಟವನ್ನೆಲ್ಲ ಒಂದೇ ಏಟಿಗೆ ಬಗೆಹರಿಸಿದ್ದು 2022ರ ಡಯಾಬ್ಲೊ ಇಮ್ಮಾರ್ಟಲ್. ಮೊಬೈಲ್ ಆಟ, ಪುಕ್ಕಟೆ. ಬಲ ಬೇಕಾದರೆ ರತ್ನ ಬೇಕು, ರತ್ನಕ್ಕೆ ಕ್ರೆಸ್ಟ್ ಅನ್ನೋ ಟೋಕನ್ ಬೇಕು, ಕ್ರೆಸ್ಟ್‌ಗೆ ಕ್ರೆಡಿಟ್ ಕಾರ್ಡ್. ಒಳ್ಳೆ ರತ್ನ ಬರೋದು ಬಿಡೋದು ನಿಮ್ಮ ಹಣೆಬರಹ. ಒಳಗೇನಿದೆ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಇಂಥ ಲೂಟ್ ಬಾಕ್ಸ್‌ಗಳಿಗೆ ಕಾನೂನಿನ ತಕರಾರು ಎದ್ದಿದ್ದ ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ಆಟ ಬಿಡುಗಡೆಯೇ ಆಗಲಿಲ್ಲ, ಪಾಪ, ಅಲ್ಲಿನ ಜನರಿಗೆ ಈ ಭಾಗ್ಯ ಇಲ್ಲ. ಬೇರೆ ಕಡೆ ಒಬ್ಬ ಯೂಟ್ಯೂಬರ್ ಸುಮಾರು ಒಂದು ಲಕ್ಷ ಡಾಲರ್ ಸುರಿದ. ಆಟಗಾರರ ನಡುವಿನ ಕಾಳಗದಲ್ಲಿ ಎಷ್ಟು ಗೆದ್ದ ಅಂದ್ರೆ, ಸರಿಸಮ ಎದುರಾಳಿಯನ್ನು ಹುಡುಕಿ ಕೊಡುವ ವ್ಯವಸ್ಥೆಗೆ ಯಾರೂ ಸಿಗಲಿಲ್ಲ. ಗಂಟೆಗಟ್ಟಲೆ ಕ್ಯೂನಲ್ಲಿ ಕೂತು ಕಾದ, ಯಾರೂ ಬರಲಿಲ್ಲ. ಕೊನೆಗೆ ಅದನ್ನೇ ವಿಡಿಯೊ ಮಾಡಿ ಹಾಕಿದ. ನನ್ನ ಕೇಳಿದರೆ ತಪ್ಪು ಅವನದಲ್ಲ. ಅಷ್ಟು ದುಡ್ಡು ಕೊಟ್ಟಮೇಲೆ ಸೋಲಲಿಕ್ಕೆ ಒಬ್ಬ ಎದುರಾಳಿಯನ್ನೂ ಪ್ಯಾಕ್‌ನಲ್ಲೇ ಸೇರಿಸಿ ಕೊಡಬೇಕಿತ್ತು. ಮುಂದಿನ ಸೀಸನ್‌ಗೆ ಬಂದರೂ ಬಂತು. ಬೆಲೆ ಪ್ರತ್ಯೇಕ.