ಎಷ್ಟು ಇಂಚಿನದು?

ಮರ ಕೊಯ್ಯುವ ಬ್ಯಾಂಡ್‌ಸಾ ಯಂತ್ರ ಕೊಳ್ಳಬೇಕು ಅಂತ ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ 'ಎಷ್ಟು ಇಂಚಿನದು?' ಟಿವಿ ಅಂಗಡಿಯಲ್ಲೂ ಇದೇ ಪ್ರಶ್ನೆ. ಅಲ್ಲಾದರೆ ಇಂಚು ಕಣ್ಣಿಗೆ ಕಾಣುವ ಪರದೆಯದು. ಇಲ್ಲಿ ಅದು ಮುಚ್ಚಳದ ಒಳಗಿರುವ ಚಕ್ರದ್ದು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಸುತ್ತುವ ಹಲ್ಲಿನ ಪಟ್ಟಿ, ಅದೇ ಬ್ಲೇಡು. ಯಂತ್ರ ಅಂದರೆ ಇಷ್ಟೇ. ಚಕ್ರ 14 ಇಂಚಿನದಾದರೆ ಬ್ಲೇಡಿಗೂ ಮೇಲಿನ ಚಕ್ರವನ್ನು ಹೊತ್ತ ಕಂಬಕ್ಕೂ ನಡುವೆ ಹದಿಮೂರು ಚಿಲ್ಲರೆ ಇಂಚು ಜಾಗ ಸಿಗುತ್ತದೆ. ಆದರೆ ಎಷ್ಟು ಎತ್ತರದ ಮರ ಹಿಡಿಸುತ್ತದೆ ಅನ್ನೋದನ್ನ ಆ ಸಂಖ್ಯೆ ಹೇಳುವುದೇ ಇಲ್ಲ. ಹಳೇ ಮಾದರಿಯ 14 ಇಂಚಿನ ಯಂತ್ರದಲ್ಲಿ ಆರು ಇಂಚಿಗಿಂತ ಎತ್ತರದ ತುಂಡು ನುಗ್ಗುವುದಿಲ್ಲ. ಕಂಬದ ನಡುವೆ ಒಂದು ಬೀಡುಕಬ್ಬಿಣದ ತುಂಡು ಸೇರಿಸಿದರೆ ಹನ್ನೆರಡಾಗುತ್ತದೆ.

ಈ ಹನ್ನೆರಡರ ಆಸೆ ಕೆಟ್ಟದ್ದು. ಮನೆಯಲ್ಲಿ ಮರಗೆಲಸ ಮಾಡುವ ಎಲ್ಲರ ತಲೆಯಲ್ಲೂ ಒಂದು ದಿಮ್ಮಿ ಮಲಗಿರುತ್ತದೆ. ಊರಿನ ತೋಟದಲ್ಲಿ ಬಿದ್ದ ಹಲಸಿನದೋ, ಕೊಡಗಿನ ಎಸ್ಟೇಟಿನ ಸಿಲ್ವರ್ ಓಕಿನದೋ. ಒಂದು ದಿನ ಅದನ್ನು ತಂದು, ಸೀಳಿ, ಹಲಗೆ ಮಾಡಿ... ಆ ದಿನ ಬರುವುದಿಲ್ಲ. ಬಂದರೂ ದಿಮ್ಮಿ ಹೋಗಬೇಕಾದ್ದು ಸಾಮಿಲ್ಲಿಗೆ. ಅಲ್ಲಿ ಇದೇ ಬ್ಯಾಂಡ್‌ಸಾದ ದೊಡ್ಡಣ್ಣ ಇರುತ್ತಾನೆ, ಟ್ರಾಲಿ ಇರುತ್ತದೆ, ನಮ್ಮ ಸೊಂಟಕ್ಕೂ ಕ್ಷೇಮ. ಮನೆಯಲ್ಲಿ ನಾವು ನಿಜಕ್ಕೂ ಕೊಯ್ಯುವುದು ಡಬ್ಬಿಗೆ ಬೇಕಾದ ತೆಳು ಪಟ್ಟಿ, ಕುರ್ಚಿಯ ಕೈ, ಮಕ್ಕಳ ಆಟಿಕೆ. ಆರು ಇಂಚು ಧಾರಾಳ.

ಹಾಗಾದರೆ ಮೇಜಿನ ನಡುವಿಂದ ದುಂಡು ಬ್ಲೇಡು ತಲೆಯೆತ್ತಿರುವ ಟೇಬಲ್‌ಸಾ ಸಾಲದಾ ಅಂತ ಕೇಳಬಹುದು. ಒಂದು ಇಂಚು ದಪ್ಪದ, ಅಂದರೆ 25 ಮಿ.ಮೀ. ಹಲಗೆಯನ್ನು ನಿಲ್ಲಿಸಿ 5 ಮಿ.ಮೀ. ಪದರಗಳಾಗಿ ಸೀಳಬೇಕು ಅಂದುಕೊಳ್ಳಿ. ಟೇಬಲ್‌ಸಾದ ಬ್ಲೇಡು ಪ್ರತಿ ಸೀಳಿಗೂ ಸುಮಾರು 3 ಮಿ.ಮೀ. ತಿನ್ನುತ್ತದೆ. ಸಿಗುವುದು ಮೂರು ಪದರ. ಬ್ಯಾಂಡ್‌ಸಾ ಒಂದು ಮಿ.ಮೀ. ಆಸುಪಾಸಿನಲ್ಲಿ ಮುಗಿಸುತ್ತದೆ. ನಾಲ್ಕು ಪದರ, ಜೊತೆಗೆ ಚೂರು ಉಳಿಕೆ. ಹಳೇ ಮನೆ ಕೆಡವಿದಲ್ಲಿ ಪುಣ್ಯಕ್ಕೆ ಸಿಕ್ಕ ಬೀಟೆ ತುಂಡಾದರೆ ಆ ನಾಲ್ಕನೇ ಪದರದ ಬೆಲೆ ಕೊಯ್ಯುವವನಿಗೇ ಗೊತ್ತು. ಇನ್ನೊಂದು ಸಂಗತಿ, ಟೇಬಲ್‌ಸಾ ಸಿಟ್ಟು ಬಂದರೆ ಮರವನ್ನು ನಮ್ಮ ಹೊಟ್ಟೆಗೇ ಎಸೆಯುತ್ತದೆ. ಬ್ಯಾಂಡ್‌ಸಾದ ಬ್ಲೇಡು ಕೆಳಮುಖವಾಗಿ ಓಡುವುದರಿಂದ ಮರವನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ. ಹಾಗಂತ ಸದರ ಬೇಡ. ಮಾಂಸದಂಗಡಿಗಳಲ್ಲಿ ಮೂಳೆ ಕತ್ತರಿಸುವುದೂ ಇದೇ ಜಾತಿಯ ಯಂತ್ರ.

ಹಳೇ ಮನೆಯ ತೊಲೆ ಕೊಯ್ಯುವ ಮುಂಚೆ ಅಯಸ್ಕಾಂತ ಹಿಡಿದು ಮೈಯೆಲ್ಲ ಸವರಬೇಕು. ಅಜ್ಜನ ಕಾಲದ ಮೊಳೆ ಒಳಗೆ ಸುಮ್ನೆ ಕೂತಿರುತ್ತದೆ.

ಯಾವುದು ಕೊಳ್ಳಲಿ ಅಂದರೆ ನನ್ನ ಓಟು 14 ಇಂಚಿಗೆ. ಮೇಜಿನ ಮೇಲಿಡುವ 8, 9 ಇಂಚಿನ ಪುಟಾಣಿಗಳು ಮುದ್ದಾಗಿರುತ್ತವೆ, ಬೆಲೆಯೂ ಕಮ್ಮಿ. ಆದರೆ ಚಕ್ರ ಚಿಕ್ಕದಾದಷ್ಟೂ ಬ್ಲೇಡು ಪ್ರತಿ ಸುತ್ತಿಗೂ ಜಾಸ್ತಿ ಬಾಗಬೇಕು, ಬೇಗ ದಣಿದು ತುಂಡಾಗುತ್ತದೆ. ಹಲಸು, ಹೊನ್ನೆಯನ್ನು ನಿಲ್ಲಿಸಿ ಸೀಳಲು ಹೋದರೆ ಮೋಟಾರು ನರಳುತ್ತದೆ. 14 ಇಂಚಿನದಕ್ಕೆ ಒಂದರಿಂದ ಒಂದೂವರೆ ಎಚ್‌ಪಿ ಮೋಟಾರು ಇದ್ದರೆ ಸಾಕು. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಗೀಸರಿಗೆ ಹಾಕಿಸಿದಂಥ ದೊಡ್ಡ ಪ್ಲಗ್ ಪಾಯಿಂಟ್ ತಾಳಿಕೊಳ್ಳುತ್ತದೆ. ಮೂರು ಫೇಸಿಗೆ ಅರ್ಜಿ ಹಾಕುವ ಪ್ರಾರಬ್ಧ ಇಲ್ಲ. ತೂಕ ಮಾತ್ರ ನೂರು ಕಿಲೋ ಆಸುಪಾಸು. ನಿಮ್ಮ ವರ್ಕ್‌ಶಾಪ್ ಎರಡನೇ ಮಹಡಿಯ ಟೆರೇಸಿನಲ್ಲಿದ್ದರೆ ಮೊದಲು ಮೆಟ್ಟಿಲಿನ ತಿರುವು ಅಳೆಯಿರಿ, ಆಮೇಲೆ ಚಕ್ರ.

ಇಷ್ಟೆಲ್ಲ ಲೆಕ್ಕ ಹಾಕುವವರು ಬ್ಲೇಡಿನ ಮಾತು ಬಂದಾಗ 'ಅದರ ಜೊತೆ ಒಂದು ಬರುತ್ತಲ್ವಾ' ಅನ್ನುತ್ತಾರೆ. ಕೊಯ್ಯೋದು ಅದೇ ಸ್ವಾಮಿ! ಜೊತೆಗೆ ಬರುವ ಬ್ಲೇಡು ಬಹಳ ಸಲ ಯಂತ್ರ ತಿರುಗುತ್ತದೆ ಅಂತ ತೋರಿಸುವುದಕ್ಕಷ್ಟೇ. ಸೀಳುವುದಕ್ಕೆ ಅರ್ಧ ಇಂಚು ಅಗಲದ, ಇಂಚಿಗೆ ಮೂರು ಹಲ್ಲಿನದು ಬೇಕು. ಹಲ್ಲು ಜಾಸ್ತಿ ಇದ್ದರೆ ನಯವಾಗಿ ಕೊಯ್ಯುತ್ತದೆ ಅಂತ ಅನಿಸುವುದು ಸಹಜ. ದಪ್ಪ ಮರದಲ್ಲಿ ಆಗುವುದೇ ಬೇರೆ. ಹಲ್ಲುಗಳ ಸಂದಿನಲ್ಲಿ ಹೊಟ್ಟು ತುಂಬಿ, ಹೊರಬೀಳಲು ಜಾಗವಿಲ್ಲದೆ, ಬ್ಲೇಡು ಬಿಸಿಯಾಗಿ ಎತ್ತಲೋ ಓಡುತ್ತದೆ. ಡೊಂಕು ಕತ್ತರಿಸಲು ಕಾಲು ಇಂಚಿನದು. ಅದು ಸುಮಾರು 16 ಮಿ.ಮೀ. ತ್ರಿಜ್ಯದ ತಿರುವನ್ನೂ ತಿರುಗಿಸುತ್ತದೆ.

ಬ್ಲೇಡಿನ ಸುರುಳಿಯಿಂದ ಬೇಕಾದ ಉದ್ದ ಕತ್ತರಿಸಿ ಬೆಸೆದು ಕೊಡುವ ಅಂಗಡಿಗಳಿವೆ. ತಂದ ಕೂಡಲೇ ಬೆಸುಗೆಯ ಹಿಂಬದಿಯ ಮೇಲೆ ಉಗುರು ಎಳೆದು ನೋಡಿ. ತಡೆದರೆ ವಾಪಸ್ ಕೊಡಿ. ಆ ಉಬ್ಬು ಸುತ್ತಿಗೊಂದು ಸಲ ಟಕ್ ಅನ್ನುತ್ತ ಪ್ರಾಣ ತಿನ್ನುತ್ತದೆ. ಈ ಯಂತ್ರದ ಚರಿತ್ರೆಯೇ ಆ ಬೆಸುಗೆಯಲ್ಲಿ ಸಿಕ್ಕಿಕೊಂಡಿತ್ತು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿಗೆ 1809ರ ಹೊತ್ತಿಗೇ ಪೇಟೆಂಟ್ ಸಿಕ್ಕಿತ್ತು, ಆದರೆ ತಾಳುವ ಬ್ಲೇಡು ಇರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪ್ಯಾ ಎಂಬಾಕೆ ತುದಿಗಳನ್ನು ಬೆಸೆಯುವ ದಾರಿ ಕಂಡುಹಿಡಿದ ಮೇಲೆಯೇ ಬ್ಯಾಂಡ್‌ಸಾ ಕೆಲಸಕ್ಕೆ ಬಂದದ್ದು.

ಹೊಸ ಬ್ಲೇಡು ಕೂರಿಸುವುದು ನನಗೆ ಕೊಯ್ಯುವುದಕ್ಕಿಂತ ಇಷ್ಟ. ಪ್ಲಗ್ ಕಿತ್ತು, ಬಾಗಿಲು ತೆರೆದು, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಬ್ಲೇಡು ರಬ್ಬರಿನ ಮೇಲೆ ಒಂದೊಂದೇ ಎಳೆ ಮುಂದಕ್ಕೆ ಸರಿಯುತ್ತದೆ. ಹಿಂದಿನ ತಿರುಪನ್ನು ಚೂರು ತಿರುವಿದರೆ ನಾಚಿಕೊಂಡು ನಡುವಿಗೆ ಬಂದು ನಿಲ್ಲುತ್ತದೆ. ಆಮೇಲೆ ಬ್ಲೇಡಿನ ಎರಡೂ ಪಕ್ಕಕ್ಕೆ ಹತ್ತು ರೂಪಾಯಿ ನೋಟು ಇಟ್ಟು ಅದು ಅತ್ತಿತ್ತ ವಾಲದಂತೆ ತಡೆಯುವ ಗೈಡ್ ಬೇರಿಂಗುಗಳನ್ನು ಹತ್ತಿರ ತಂದು ಬಿಗಿಮಾಡಿ, ನೋಟು ಎಳೆದುಕೊಂಡರೆ ಬೇಕಾದಷ್ಟೇ ಸಂದು. ಇಷ್ಟು ಮಾಡಿ ಹಲಸಿನ ಹಲಗೆಯೊಂದನ್ನು ಸೀಳಿ, ಎರಡು ಪದರವನ್ನೂ ಬಿಡಿಸಿ ಪಕ್ಕಪಕ್ಕ ಇಡಿ. ಒಳಗಿನ ಹಳದಿ ಆಗತಾನೇ ಗಾಳಿ ಕಂಡಿರುತ್ತದೆ, ಎಡದ ಗೆರೆಗೆ ಬಲದ ಗೆರೆ ಜೋಡಿಯಾಗಿ ನಿಂತಿರುತ್ತದೆ.

ಅಷ್ಟರಲ್ಲಿ ಕೆಳಗಿನ ಮನೆಯವರು ಬರುತ್ತಾರೆ. ಮೆಷೀನ್ ತಂದಿದ್ದು ಅವರಿಗೂ ಗೊತ್ತಾಗಿದೆ. ಈಳಿಗೆಮಣೆಯ ಮಣೆ ಸೀಳಿದೆಯಂತೆ, ಅದೇ ಆಕಾರದಲ್ಲಿ, ಸೊಂಟದ ಹತ್ತಿರ ಸ್ವಲ್ಪ ಡೊಂಕು ಬಿಟ್ಟು, ಇವತ್ತೇ ಬೇಕಂತೆ. ಅಂದರೆ ಈಗತಾನೇ ಹದ ಮಾಡಿದ ಅರ್ಧ ಇಂಚಿನ ಬ್ಲೇಡು ಬಿಚ್ಚಿ ಕಾಲು ಇಂಚಿನದು ಹಾಕಬೇಕು. ಹತ್ತು ರೂಪಾಯಿ ನೋಟು ಎಲ್ಲಿಟ್ಟೆ?